ಮಾತೃವಾತ್ಸಲ್ಯದ ಜ್ಯೋತಿ ಸಂತ ಜಿಯಾನ್ನಾ

ಮನೆಯ ತಾಯಿ ರೋಗಕ್ಕೀಡಾಗಿ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಯಿತೆಂದರೆ ಆ ಮನೆಯ ಇರುಳುಗಳು ದೀರ್ಘವಾಗುತ್ತವೆ. ಒಲೆ ಉರಿಯುತ್ತದೆ, ಮಕ್ಕಳು ಶಾಲೆಗೆ ಹೋಗಿ ಬರುತ್ತಾರೆ, ಸಂಜೆಯ ಜಪಸರವೂ ತಪ್ಪುವುದಿಲ್ಲ. ಆದರೂ ಎಲ್ಲರ ಎದೆಯಲ್ಲಿ ಒಂದೇ ಅಳುಕು ಮನೆಮಾಡಿರುತ್ತದೆ. ಕಳೆದ ನೂರು ವರ್ಷಗಳಲ್ಲಿ ಇಂತಹ ಎಷ್ಟು ಕುಟುಂಬಗಳ ಮೊರೆ ನಮ್ಮ ದೇವಾಲಯದ ಪೀಠದ ಮುಂದೆ ಏರಿದೆಯೋ ಬಲ್ಲವರಾರು! ಆ ಕುಟುಂಬಗಳನ್ನು ನೆನೆದು, ಇಟಲಿ ದೇಶದ ಒಬ್ಬ ಗೃಹಿಣಿ, ವೈದ್ಯೆ, ತಾಯಿಯಾಗಿದ್ದ ಸಂತ ಜಿಯಾನ್ನಾ ಬೆರೆಟ್ಟಾ ಮೊಲ್ಲಾ ಅವರ ಜೀವನವನ್ನು ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ಜಿಯಾನ್ನಾ ಅವರು 1922ರ ಅಕ್ಟೋಬರ್ 4ರಂದು, ಸಂತ ಫ್ರಾನ್ಸಿಸ್ ಅಸ್ಸಿಸಿಯವರ ಹಬ್ಬದಂದು, ಮಿಲಾನ್ ನಗರಕ್ಕೆ ಸಮೀಪದ ಮಜೆಂತಾ ಎಂಬ ಊರಿನಲ್ಲಿ ಜನಿಸಿದರು. ಆಲ್ಬೆರ್ತೊ ಬೆರೆಟ್ಟಾ ಮತ್ತು ಮರಿಯಾ ದಂಪತಿಗಳ 13 ಮಕ್ಕಳಲ್ಲಿ ಅವರು ಹತ್ತನೆಯವರು. 1942ರಲ್ಲಿ, ಕೆಲವೇ ತಿಂಗಳುಗಳ ಅಂತರದಲ್ಲಿ, ತಾಯಿಯನ್ನೂ ತಂದೆಯನ್ನೂ ಕಳೆದುಕೊಂಡರು. ತಾಯಿಯಿಲ್ಲದ ಮನೆ ಎಂತಹುದೆಂಬುದನ್ನು ಅವರು ಹೀಗೆ ಇಪ್ಪತ್ತು ತುಂಬುವ ಮೊದಲೇ ಅರಿತರು.

ಅವರು ವೈದ್ಯಶಾಸ್ತ್ರವನ್ನು ಅಭ್ಯಸಿಸಿ 1949ರಲ್ಲಿ ಪದವಿ ಪಡೆದರು. ಮರುವರ್ಷ ಮೆಸೆರೊ ಎಂಬ ಗ್ರಾಮದಲ್ಲಿ ಚಿಕಿತ್ಸಾಲಯವನ್ನು ತೆರೆದರು. ಬಳಿಕ ಮಕ್ಕಳ ಚಿಕಿತ್ಸೆಯಲ್ಲಿಯೂ ವಿಶೇಷ ಅರ್ಹತೆ ಗಳಿಸಿದರು. ತಾಯಂದಿರು, ಹಸುಳೆಗಳು, ವೃದ್ಧರು, ಬಡವರು ಇವರೇ ಅವರ ವಿಶೇಷ ಕಾಳಜಿಗೆ ಪಾತ್ರರಾದವರು. ಕಥೋಲಿಕ ಯುವತಿಯರ ಸಂಘಟನೆಯಲ್ಲಿಯೂ, ನಮ್ಮೆಲ್ಲರಿಗೂ ಪರಿಚಿತವಾದ ಸಂತ ವಿನ್ಸೆಂಟ್ ದೆ ಪಾವ್ಲ್ ಸಂಘದಲ್ಲಿಯೂ ಅವರು ಶ್ರಮಿಸಿದರು. ಕಪುಚಿನ್ ಗುರುಗಳೂ ವೈದ್ಯರೂ ಆಗಿದ್ದ ಸಹೋದರ ಆಲ್ಬೆರ್ತೊ ಅವರು ಬ್ರೆಜಿಲ್ ದೇಶದ ಗ್ರಾಜಾವುವಿನಲ್ಲಿ ಸೇವೆ ಸಲ್ಲಿಸುತ್ತಿದ್ದರು. ಅವರಿಗೆ ನೆರವಾಗಲು ತಾವೂ ಹೋಗಬೇಕೆಂಬುದು ಜಿಯಾನ್ನಾ ಅವರ ಹಂಬಲವಾಗಿತ್ತು. ದೇಹಪ್ರಕೃತಿ ಅದಕ್ಕೆ ಒಪ್ಪಲಿಲ್ಲ. ಪ್ರಾರ್ಥನೆಯಲ್ಲಿ ದೇವರ ಚಿತ್ತವನ್ನು ಅರಸಿದ ಅವರಿಗೆ ವಿವಾಹಜೀವನವೇ ತಮ್ಮ ಕರೆಯೆಂಬುದು ಮನದಟ್ಟಾಯಿತು. 1955ರ ಸೆಪ್ಟೆಂಬರ್ 24ರಂದು ಎಂಜಿನಿಯರ್ ಪಿಯೆತ್ರೊ ಮೊಲ್ಲಾ ಅವರ ಕೈ ಹಿಡಿದರು. ಪಿಯೆರ್‌ಲುಯಿಜಿ, ಮರಿಯೊಲಿನಾ, ಲೌರಾ ಎಂಬ ಮೂವರು ಮಕ್ಕಳಿಂದ ಮನೆ ತುಂಬಿತು.

1961ರಲ್ಲಿ ಅವರು ಮತ್ತೆ ಗರ್ಭಿಣಿಯಾದರು. ಎರಡನೆಯ ತಿಂಗಳು ಮುಗಿಯುತ್ತಿದ್ದಂತೆ ಗರ್ಭಕೋಶದಲ್ಲಿ ಒಂದು ಗೆಡ್ಡೆ ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆ ಅನಿವಾರ್ಯವಾಯಿತು. ಗರ್ಭಕೋಶವನ್ನೇ ತೆಗೆದುಹಾಕಿದರೆ ತಾಯಿಗೆ ಅಪಾಯ ಕಡಿಮೆ, ಆದರೆ ಶಿಶು ಉಳಿಯುವುದಿಲ್ಲ. ಗೆಡ್ಡೆಯನ್ನು ಮಾತ್ರ ತೆಗೆದರೆ ಶಿಶು ಉಳಿಯಬಹುದು, ಆದರೆ ಮುಂದೆ ತಾಯಿಯ ಪ್ರಾಣಕ್ಕೆ ಅಪಾಯ. ಸ್ವತಃ ವೈದ್ಯೆಯಾದ ಅವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮನೆಯಲ್ಲಿದ್ದ ಮೂವರು ಮಕ್ಕಳಲ್ಲಿ ಹಿರಿಯವನಿಗೆ ಇನ್ನೂ ಐದು ತುಂಬಿರಲಿಲ್ಲ.

ಇಲ್ಲಿ ಒಂದು ಮಾತನ್ನು ನಾವು ಸ್ಪಷ್ಟಪಡಿಸಬೇಕು. ಶಿಶುವಿನ ಪ್ರಾಣ ತೆಗೆಯುವುದನ್ನೇ ಗುರಿಯಾಗಿಸಿಕೊಂಡ ಕ್ರಿಯೆಯನ್ನು ಧರ್ಮಸಭೆ ಎಂದೂ ಒಪ್ಪದು. ಆದರೆ ರೋಗಗ್ರಸ್ತ ಗರ್ಭಕೋಶಕ್ಕೆ ಅಗತ್ಯವಾದ ಚಿಕಿತ್ಸೆಯನ್ನು, ಅದರಿಂದ ಬಯಸದೆಯೇ ಶಿಶುವಿಗೆ ಹಾನಿಯಾಗುವ ಸಂದರ್ಭದಲ್ಲಿಯೂ, ಧರ್ಮಸಭೆಯ ಬೋಧನೆ ನಿಷೇಧಿಸುವುದಿಲ್ಲ. ಆದುದರಿಂದ ಜಿಯಾನ್ನಾ ಅವರು ಮಾಡಿದ್ದು ಕಟ್ಟಳೆಗೆ ಹೆದರಿ ಮಾಡಿದ ಕಾರ್ಯವಲ್ಲ. ಪ್ರೀತಿಯಿಂದ ತಾವೇ ಆರಿಸಿಕೊಂಡ ಮಾರ್ಗ. ಅವರು ಚಿಕಿತ್ಸೆಯನ್ನು ತಿರಸ್ಕರಿಸಲಿಲ್ಲ. ಗೆಡ್ಡೆಯನ್ನು ಮಾತ್ರ ತೆಗೆದು ಮಗುವನ್ನು ಉಳಿಸಿಕೊಡಬೇಕೆಂದು ವೈದ್ಯರನ್ನು ಬೇಡಿಕೊಂಡು, ದೇವರಿಗೆ ತಮ್ಮನ್ನು ಒಪ್ಪಿಸಿಕೊಂಡು, ಸೆಪ್ಟೆಂಬರ್ 6ರಂದು ಮೊಂಜಾ ನಗರದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಶಿಶು ಉಳಿಯಿತು.

ಮುಂದಿನ ಏಳು ತಿಂಗಳು ಅವರು ಎಂದಿನಂತೆ ತಾಯಿಯಾಗಿ, ವೈದ್ಯೆಯಾಗಿ ತಮ್ಮ ಕರ್ತವ್ಯಗಳನ್ನು ನಿರ್ವಹಿಸಿದರು. ಮಗು ನೋವಿನಲ್ಲಿ ಹುಟ್ಟದಿರಲೆಂದು ಪ್ರಾರ್ಥಿಸಿದರು. ಹೆರಿಗೆಯ ದಿನ ಸಮೀಪಿಸಿದಾಗ, ತಾಯಿ ಮಗು ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕಾಗಿ ಬಂದರೆ ಹಿಂಜರಿಯದೆ ಮಗುವನ್ನೇ ಉಳಿಸಬೇಕೆಂದು ದೃಢವಾಗಿ ತಿಳಿಸಿದರು. ಪ್ರೀತಿಯ ಮಡದಿಯ ಬಾಯಿಂದ ಈ ಮಾತು ಕೇಳಿದ ಪಿಯೆತ್ರೊ ಅವರ ಹೃದಯ ಹೊತ್ತ ಭಾರವನ್ನು ನಾವು ಊಹಿಸಬಲ್ಲೆವು.

1962ರ ಶುಭ ಶುಕ್ರವಾರದಂದು ಅವರು ಆಸ್ಪತ್ರೆ ಸೇರಿದರು. ಮರುದಿನ, ಏಪ್ರಿಲ್ 21ರ ಪವಿತ್ರ ಶನಿವಾರ, ಶಸ್ತ್ರಚಿಕಿತ್ಸೆಯ ಮೂಲಕ ಹೆಣ್ಣುಮಗು ಆರೋಗ್ಯವಾಗಿ ಜನಿಸಿತು. ಲೋಕವೆಲ್ಲ ಪಾಸ್ಖ ಹಬ್ಬದ ಸಂಭ್ರಮದಲ್ಲಿರಲು ತಾಯಿಯ ಹೊಟ್ಟೆಯೊಳಗೆ ನಂಜು ಏರಿತು. ಭಾರತದಲ್ಲಿ ಸೇವೆ ಸಲ್ಲಿಸುತ್ತಿದ್ದ ಕನೋಸಿಯನ್ ಸಭೆಯ ಸಹೋದರಿ ವರ್ಜೀನಿಯಾ ಅವರು ಮಂಚದ ಬಳಿಗೆ ಬಂದಿದ್ದರು. ಯಾವ ಚಿಕಿತ್ಸೆಯೂ ಫಲಿಸಲಿಲ್ಲ. ತೀವ್ರ ವೇದನೆಯ ನಡುವೆಯೂ ಯೇಸುಸ್ವಾಮಿಯ ಮೇಲಿನ ಪ್ರೀತಿಯನ್ನೇ ಮತ್ತೆ ಮತ್ತೆ ಉಚ್ಚರಿಸುತ್ತ, ಏಪ್ರಿಲ್ 28ರ ಬೆಳಗ್ಗೆ ತಮ್ಮ ಮನೆಯಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಆಗ ಅವರಿಗೆ 39 ವರ್ಷ. ಹೊಸ ಶಿಶುವಿಗೆ ತಾಯಿಯ ಹೆಸರನ್ನೇ ಸೇರಿಸಿ ಜಿಯಾನ್ನಾ ಇಮ್ಯಾನುಯೆಲಾ ಎಂದು ಹೆಸರಿಟ್ಟರು.

ಪಿಯೆತ್ರೊ ಅವರ ಪರೀಕ್ಷೆ ಅಲ್ಲಿಗೆ ಮುಗಿಯಲಿಲ್ಲ. 1964ರಲ್ಲಿ ಆರು ವರ್ಷದ ಮರಿಯೊಲಿನಾ ಕೂಡ ಅಗಲಿದಳು. ಉಳಿದ ಮೂವರನ್ನು ಆ ತಂದೆ ವಿಶ್ವಾಸದಲ್ಲಿಯೇ ಬೆಳೆಸಿದರು. ಅಂದು ಹುಟ್ಟಿದ ಮಗು ಮುಂದೆ ವೈದ್ಯೆಯಾಗಿ ತಾಯಿಯ ವೃತ್ತಿಯನ್ನೇ ಹಿಡಿಯಿತು. ಜಿಯಾನ್ನಾ ಅವರು ಹೋಗಲು ಹಂಬಲಿಸಿ ಹೋಗಲಾಗದೆ ಉಳಿದ ಗ್ರಾಜಾವುವಿನಲ್ಲಿ 1977ರಲ್ಲಿ ಬಾಣಂತಿಯೊಬ್ಬರು ಅವರ ಮಧ್ಯಸ್ಥಿಕೆಯಿಂದ ಗುಣಹೊಂದಿದರು; ಅದನ್ನು ಧರ್ಮಸಭೆ ಅದ್ಭುತವೆಂದು ಅಂಗೀಕರಿಸಿತು. ಜಗದ್ಗುರು ಎರಡನೆಯ ಜಾನ್ ಪೌಲರು 1994ರ ಏಪ್ರಿಲ್ 24ರಂದು ಅವರನ್ನು ಧನ್ಯರ ಸಾಲಿಗೆ ಸೇರಿಸಿ, 2004ರ ಮೇ 16ರಂದು ಸಂತಪದವಿಗೇರಿಸಿದರು. 91 ವರ್ಷದ ಪಿಯೆತ್ರೊ ಅವರು ಮಕ್ಕಳೊಡನೆ ಅದನ್ನು ಕಣ್ಣಾರೆ ಕಂಡರು. 2010ರಲ್ಲಿ ತಾವೂ ಅಗಲಿದರು.

ಪ್ರಿಯ ವಾಚಕರೇ, ಪ್ರಾರ್ಥಿಸಿದ ಮನೆಗೆ ತಾಯಿ ಮರಳಿ ಬರಲೇಬೇಕೆಂಬ ಭರವಸೆಯನ್ನು ಈ ಜೀವನ ಕೊಡುವುದಿಲ್ಲ. ಒಳ್ಳೆಯ ವೈದ್ಯರನ್ನು ಹುಡುಕಬೇಕು, ಚಿಕಿತ್ಸೆ ಮಾಡಿಸಬೇಕು, ಗುಣವಾಗಲೆಂದು ಕಣ್ಣೀರಿಟ್ಟು ಬೇಡಬೇಕು. ಆ ಬಳಿಕ ಫಲವನ್ನು ತಂದೆಯ ಕೈಗೆ ಒಪ್ಪಿಸಬೇಕು. ಗುಣವಾಗಿ ಮರಳಿದರೆ ಕೃತಜ್ಞತೆಯ ಬಲಿಪೂಜೆ ಅರ್ಪಿಸೋಣ. ಮರಳದಿದ್ದರೆ, ಪಿಯೆತ್ರೊ ಅವರಂತೆ ಉಳಿದ ಮಕ್ಕಳ ಕೈ ಹಿಡಿದು ಮತ್ತೆ ಇದೇ ದೇವಾಲಯದ ಮೆಟ್ಟಿಲೇರೋಣ. ಶಸ್ತ್ರಚಿಕಿತ್ಸೆಯ ಹೊಸ್ತಿಲಲ್ಲಿ ನಿಂತಿರುವ ನಮ್ಮ ಎಲ್ಲ ತಾಯಂದಿರಿಗಾಗಿ, ತಂದೆಯರಿಗಾಗಿ ಸಂತ ಜಿಯಾನ್ನಾ ಪ್ರಾರ್ಥಿಸಲಿ.