ಕಿವಿಯ ಗುಟ್ಟನ್ನು ಕಣ್ಣಲ್ಲಿ ಓದಿದ ಯುದ್ಧಕೈದಿ

ನಮ್ಮ ಕಾವೂರಿನಲ್ಲಿ ಯಾರಿಗಾದರೂ ತಲೆಸುತ್ತು ಬಂತು ಅಂದರೆ ತೀರ್ಪು ಕೂಡಲೇ ಸಿದ್ಧ: ಬಿಪಿ ಇರಬೇಕು, ಗ್ಯಾಸ್ ಇರಬೇಕು ಮಾರಾಯ್ರೆ! ಕಣ್ಣು ನೋಡಿ ಅನ್ನುವವರು ಕಡಿಮೆ. ಹಾಗೆ ನೋಡುವುದನ್ನೇ ಒಂದು ಪರೀಕ್ಷೆಯಾಗಿಸಿದವನು ರಾಬರ್ಟ್ ಬಾರಾನಿ.

1876ರಲ್ಲಿ ವಿಯೆನ್ನಾದ ಯಹೂದಿ ಕುಟುಂಬದಲ್ಲಿ ಹುಟ್ಟಿದ ಬಾರಾನಿಗೆ ಎಳವೆಯಲ್ಲೇ ಮೂಳೆ ಕ್ಷಯ ತಗುಲಿ ಮೊಣಕಾಲು ಮಡಚದಂತಾಯಿತು. 1900ರಲ್ಲಿ ಡಾಕ್ಟರಾಗಿ, ಆಮೇಲೆ ಕಿವಿ ವಿಭಾಗ ಸೇರಿದ. ಅಲ್ಲಿ ರೋಗಿಗಳ ಕಿವಿ ತೊಳೆಯುವಾಗ ಕೆಲವರಿಗೆ ತಲೆ ತಿರುಗುತ್ತಿತ್ತು, ಕಣ್ಣುಗುಡ್ಡೆ ತಂತಾನೇ ಒಂದು ಪಕ್ಕಕ್ಕೆ ಎಗರಿ ಎಗರಿ ಓಡುತ್ತಿತ್ತು. ನೀರು ತಣ್ಣಗಿರುವುದೇ ತೊಂದರೆ ಅಂತ ಒಬ್ಬ ರೋಗಿ ದೂರಿದ. ಮುಂದಿನ ಸಲ ನೀರು ತೀರಾ ಬಿಸಿಯಾಯಿತು. ಕಣ್ಣು ವಿರುದ್ಧ ದಿಕ್ಕಿಗೆ ಓಡಿತು!

ಬಾರಾನಿಗೆ ಹೊಳೆದದ್ದು ಇಷ್ಟೇ. ಒಳಕಿವಿಯ ಅರ್ಧವೃತ್ತ ನಾಳಗಳಲ್ಲಿ ದ್ರವ ಇದೆ. ಬಚ್ಚಲಿನ ಹಂಡೆಯಲ್ಲಿ ಬಿಸಿನೀರು ಮೇಲೇರುವಂತೆ ಕಾದ ದ್ರವ ಮೇಲೇರುತ್ತದೆ, ತಣಿದದ್ದು ಇಳಿಯುತ್ತದೆ. ತಲೆ ತಿರುಗುತ್ತಿದೆ ಅಂದುಕೊಂಡು ಮಿದುಳು ಕಣ್ಣನ್ನು ಓಡಿಸುತ್ತದೆ. ಕಣ್ಣು ಓಡದಿದ್ದರೆ ಆ ಕಿವಿಯ ಸಮತೋಲನ ವ್ಯವಸ್ಥೆ ಕೆಟ್ಟಿರಬಹುದು. ಇಂಜಿನಿಯರಿಂಗ್ ಓದಿದ ನನಗೆ ಇದು ಅಪ್ಪಟ ಟೆಸ್ಟಿಂಗ್: ಒಂದು ಇನ್‌ಪುಟ್ ಕೊಡು, ಔಟ್‌ಪುಟ್ ನೋಡು. 1983ರ ಸ್ಪೇಸ್‌ಲ್ಯಾಬ್ ಪ್ರಯೋಗದಲ್ಲಿ, ಬಿಸಿ ದ್ರವ ಮೇಲೇರದ ತೂಕರಹಿತ ಸ್ಥಿತಿಯಲ್ಲೂ ಕಣ್ಣು ಓಡಿತು. ಅಂದರೆ ವಿವರಣೆ ಪೂರ್ಣವಾಗಿರಲಿಲ್ಲ. ಪರೀಕ್ಷೆ ಮಾತ್ರ ಇವತ್ತಿಗೂ ಉಳಿದಿದೆ.

ಮೊದಲ ಮಹಾಯುದ್ಧ ಶುರುವಾದಾಗ ಆ ಮಡಚದ ಕಾಲಿನಲ್ಲೇ ಸೇನೆಯ ವೈದ್ಯನಾಗಿ ಹೋದ. 1915ರಲ್ಲಿ ಪ್ಶೆಮಿಶ್ಲ್ ಕೋಟೆ ಬಿದ್ದಾಗ ರಷ್ಯನ್ನರ ಕೈಗೆ ಸಿಕ್ಕ. 1914ನೇ ಸಾಲಿನ ನೊಬೆಲ್ ಬಂದ ಸುದ್ದಿ ತಲುಪಿದ್ದು ಈಗಿನ ತುರ್ಕ್‌ಮೆನಿಸ್ತಾನದ ಮೆರ್ವ್‌ನ ಕೈದಿ ಶಿಬಿರಕ್ಕೆ. ಸ್ವೀಡನ್ನಿನ ರಾಜಕುಮಾರ ಕಾರ್ಲ್ ಮಧ್ಯಪ್ರವೇಶದಿಂದ 1916ರಲ್ಲಿ ಬಿಡುಗಡೆ.

ಊರಿಗೆ ಬಂದರೆ ಸಿಕ್ಕಿದ್ದು ಹಾರವಲ್ಲ, ಆರೋಪ. ಬೇರೆಯವರ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಕೊಟ್ಟಿಲ್ಲ ಅಂತ ವಿಯೆನ್ನಾದ ಸಹೋದ್ಯೋಗಿಗಳೇ ತಿರುಗಿಬಿದ್ದರು. ಸ್ವೀಡನ್ನಿನ ಕಿವಿ ವೈದ್ಯರು ಬೆಂಬಲಕ್ಕೆ ನಿಂತರು. ಬಾರಾನಿ 1917ರಲ್ಲಿ ಉಪ್ಸಾಲಾಕ್ಕೆ ಹೊರಟುಹೋದ. ತಲೆಯ ಭಂಗಿ ಬದಲಾದಾಗ ಬರುವ ತಲೆಸುತ್ತನ್ನು 1921ರಲ್ಲಿ ವಿವರಿಸಿದ್ದು ಅಲ್ಲಿಂದಲೇ. 1936ರ ಏಪ್ರಿಲ್‌ನಲ್ಲಿ, 60 ತುಂಬಲು ಎರಡು ವಾರ ಇರುವಾಗ ತೀರಿಕೊಂಡ.

ಇದೆಲ್ಲ ಹಳೇ ಕತೆ ಅಂತೀರಾ? ತಲೆಸುತ್ತಿನ ಜೊತೆ ಕಣ್ಣು ಒಂದೇ ಪಕ್ಕಕ್ಕೆ ಎಗರುತ್ತಿದ್ದರೆ ದೋಷ ಹೆಚ್ಚಾಗಿ ಕಿವಿಯದ್ದು. ನೋಡುವ ದಿಕ್ಕು ಬದಲಾದಂತೆ ಎಗರುವ ದಿಕ್ಕೂ ಬದಲಾದರೆ, ಅಥವಾ ನೇರ ಮೇಲೆ-ಕೆಳಗೆ ಎಗರಿದರೆ, ಮಿದುಳಿನ ಮೇಲೆ ಅನುಮಾನ. ಸ್ಟ್ರೋಕ್ ಕೂಡ ಇರಬಹುದು. ಗ್ಯಾಸ್ ಮಾತ್ರೆ ನುಂಗಿ ಮಲಗುವ ಹೊತ್ತಲ್ಲ ಅದು. ಕಣ್ಣು ನೋಡಲು ದೊಡ್ಡ ಯಂತ್ರ ಬೇಡ, ನೋಡಬಲ್ಲ ಡಾಕ್ಟರ್ ಮತ್ತು ಕೆಲವು ನಿಮಿಷ ಸಾಕು. ನಮ್ಮ ಗಿಜಿಗುಡುವ ಓಪಿಡಿಗಳಲ್ಲಿ ತೀರಾ ದುಬಾರಿಯಾಗಿರುವುದು ಆ ಕೆಲವು ನಿಮಿಷಗಳೇ.