ಚಿರಂಜೀವಿಗೆ ಸಾವು ಬರೆದ ಆಚಾರ್ಯ: ಗ್ರೀಕ್ ರುದ್ರನಾಟಕವನ್ನು ಕನ್ನಡಕ್ಕೆ ತಂದ ಬಿ.ಎಂ.ಶ್ರೀ

ಗಬ್ಬೂರು: ದೇವದುರ್ಗ, ಮಾನ್ವಿ ಸೀಮೆಯ ಊರುಗಳಲ್ಲಿ ಜಾತ್ರೆ ಬಂತೆಂದರೆ ನಾಟಕದ ಮಾತು ಮೊದಲಾಗುತ್ತದೆ. ಹೆಸರಾಂತ ನಟ ನಟಿಯರು ಬರುತ್ತಾರೆಂಬ ಸುದ್ದಿ ಹರಡಿದರೆ ಸಾಕು, ಸುತ್ತಲ ಹಳ್ಳಿಗಳ ಜನ ಹೊತ್ತು ಮುಳುಗುವ ಮೊದಲೇ ಜಾಗ ಹಿಡಿಯುತ್ತಾರೆ. ರಾಯಚೂರಿನ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಲ್ಲಿ ಹವ್ಯಾಸಿ ತಂಡವೊಂದು ಹೊಸ ಪ್ರಯೋಗ ತರುತ್ತದೆಂದಾಗ ಕಾಯುವ ಪ್ರೇಕ್ಷಕರ ಬಗೆ ಬೇರೆ. ಅದರಲ್ಲೂ ಗ್ರೀಕ್ ನಾಟಕವೆಂದರೆ ರಂಗಪ್ರಿಯರ ಕುತೂಹಲ ಇಮ್ಮಡಿಯಾಗುತ್ತದೆ. ಎರಡೂವರೆ ಸಾವಿರ ವರ್ಷಗಳ ಹಿಂದೆ ಅಥೆನ್ಸಿನ ಬಯಲಿನಲ್ಲಿ ಆಡಿದ ಆ ನಾಟಕಗಳು ಕನ್ನಡದ ನಾಲಿಗೆಗೆ ಬಂದದ್ದು ಬಹುಮಟ್ಟಿಗೆ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರಿಂದ. ಅವರು ಬಿ.ಎಂ. ಶ್ರೀಕಂಠಯ್ಯ, ಕನ್ನಡಿಗರ ಬಾಯಲ್ಲಿ ಬಿ.ಎಂ.ಶ್ರೀ.

ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು ಹುಟ್ಟಿದ್ದು 1884ರ ಜನವರಿ 3ರಂದು, ತುಮಕೂರು ಜಿಲ್ಲೆ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಮನೆತನದ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ತಂದೆ ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದರು. ಶ್ರೀರಂಗಪಟ್ಟಣ, ಮೈಸೂರು, ಬೆಂಗಳೂರುಗಳಲ್ಲಿ ಓದಿ, ಮದರಾಸಿನಲ್ಲಿ ಕಾನೂನು ಪದವಿಯನ್ನೂ ಎಂ.ಎ. ಪದವಿಯನ್ನೂ ಪಡೆದು, 1909ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಇಂಗ್ಲಿಷ್ ಬಲ್ಲವನು ಕನ್ನಡ ಮಾತನಾಡಲು ಹಿಂಜರಿಯುತ್ತಿದ್ದ ಕಾಲವದು. ಅಂಥ ಹೊತ್ತಿನಲ್ಲಿ 27ರ ಹರೆಯದ ಈ ಅಧ್ಯಾಪಕರು 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆ ಎತ್ತುವ ಬಗೆ ಯಾವುದೆಂಬ ವಿಷಯವನ್ನೇ ಎತ್ತಿಕೊಂಡು ಉಪನ್ಯಾಸ ನೀಡಿದರು. ಅವರ ಮುಂದಿನ ಬದುಕೆಲ್ಲ ಆ ಒಂದು ಉಪನ್ಯಾಸದ ವಿಸ್ತರಣೆಯೆಂದರೆ ತಪ್ಪಾಗಲಾರದು.

1926ರಲ್ಲಿ ಹೊರಬಂದ 'ಇಂಗ್ಲಿಷ್ ಗೀತಗಳು' ಹೊಸಗನ್ನಡ ಕಾವ್ಯದ ಹಾದಿಯನ್ನೇ ಬದಲಿಸಿತು. ಈ ಕಥೆ ಶಾಲಾ ಪಠ್ಯಗಳಲ್ಲಿಯೂ ಇರುವುದರಿಂದ ಅದನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ಅದೇ ವರ್ಷ ಪ್ರಕಟವಾದ ಇನ್ನೊಂದು ಕೃತಿಯ ಕಡೆಗೆ ಅಷ್ಟಾಗಿ ಕಣ್ಣು ಹರಿಯುವುದಿಲ್ಲ. ಅದು 'ಗದಾಯುದ್ಧ ನಾಟಕಂ'.

ಹತ್ತನೆಯ ಶತಮಾನದ ರನ್ನನ ಗದಾಯುದ್ಧದಲ್ಲಿ ನಾಟಕವೊಂದು ಅಡಗಿದೆಯೆಂದು ಕಂಡ ಶ್ರೀಯವರು ಆ ಕಾವ್ಯದ ಭಾಗಗಳನ್ನೇ ಆಯ್ದು, ಜೋಡಿಸಿ, ರಂಗಕ್ಕೆ ಒಗ್ಗುವ ರೂಪ ಕೊಟ್ಟರು. ರನ್ನ ಕಲ್ಯಾಣದ ಚಾಲುಕ್ಯರ ಆಸ್ಥಾನಕವಿ. ಗಬ್ಬೂರಿನ ಗುಡಿಗಳ ಬಳಿ ನಿಂತಿರುವ ಶಾಸನಗಳೂ ಚಾಲುಕ್ಯರ ಕಾಲವನ್ನು ನೆನಪಿಸುತ್ತವೆ; ಹೀಗಾಗಿ ಆ ಹಳಗನ್ನಡ ಈ ನೆಲಕ್ಕೆ ಹೊರಗಿನದೇನಲ್ಲ. ನಾಟಕದ ಕೊನೆಯಲ್ಲಿ ಪ್ರೇಕ್ಷಕನ ಮನಸ್ಸು ಗೆದ್ದ ಭೀಮನ ಕಡೆಗೆ ಹೋಗದೆ ತೊಡೆ ಮುರಿದು ಬಿದ್ದ ದುರ್ಯೋಧನನ ಕಡೆಗೆ ಹರಿಯುತ್ತದೆ. ಸೋತವನ ಹಿರಿಮೆಯನ್ನು ತೋರುವ ಈ ಬಗೆಯನ್ನು ಶ್ರೀಯವರು ಗ್ರೀಕರಲ್ಲಿ ಕಂಡಿದ್ದರು, ರನ್ನನಲ್ಲಿಯೂ ಕಂಡರು. ಟ್ರ್ಯಾಜಿಡಿಗೆ ಸಂವಾದಿಯಾದ ರುದ್ರನಾಟಕವೆಂಬ ಮಾತು ಕನ್ನಡದಲ್ಲಿ ಅವರ ಹೆಸರಿನೊಡನೆ ಬೆಸೆದುಕೊಂಡಿರುವುದು ಇದೇ ಕಾರಣಕ್ಕೆ.

ಸಂಸ್ಕೃತ ನಾಟಕದ ಸಂಪ್ರದಾಯ ಇದಕ್ಕೆ ಅನುಕೂಲವಾಗಿರಲಿಲ್ಲ. ನಾಯಕನ ಸಾವನ್ನು ರಂಗದ ಮೇಲೆ ತೋರಬಾರದು, ನಾಟಕ ಶುಭದಲ್ಲಿ ಮುಗಿಯಬೇಕೆಂಬುದು ಬಲವಾದ ನಂಬಿಕೆ. ಭಾಸನ 'ಊರುಭಂಗ'ದಂಥ ಅಪವಾದ ಬೆಳಕಿಗೆ ಬಂದದ್ದೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ವೃತ್ತಿ ಕಂಪನಿಗಳ ನಾಟಕಗಳೂ ಮಂಗಳದಲ್ಲಿ ಮುಗಿಯುತ್ತಿದ್ದವು. ಮನೆಗೆ ಹೋಗುವ ಪ್ರೇಕ್ಷಕನ ಕಣ್ಣಲ್ಲಿ ನೀರಿರಬಾರದೆಂಬ ಲೆಕ್ಕಾಚಾರ ಕಂಪನಿ ಮಾಲೀಕರಿಗೂ ಇದ್ದಿರಬೇಕು.

1928ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಬಿ.ಎಂ.ಶ್ರೀ ಅಧ್ಯಕ್ಷರಾದರು. ಅಂದು ಕಲಬುರಗಿ, ರಾಯಚೂರು ಜಿಲ್ಲೆಗಳು ನಿಜಾಮರ ಆಳ್ವಿಕೆಯಲ್ಲಿದ್ದವು. ಆಡಳಿತದ ಭಾಷೆ ಉರ್ದು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಕನ್ನಡ ಮನೆಯ ಮಾತಾಗಿ, ಸಂತೆಯ ಮಾತಾಗಿ ಉಳಿದಿದ್ದ ಸೀಮೆಗೆ ಮೈಸೂರಿನ ಪ್ರಾಧ್ಯಾಪಕರೊಬ್ಬರು ಅಧ್ಯಕ್ಷರಾಗಿ ಬಂದದ್ದು ಸಣ್ಣ ಸಂಗತಿಯಲ್ಲ. ಆರು ವರ್ಷಗಳ ನಂತರ, 1934ರಲ್ಲಿ, ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಸಮ್ಮೇಳನ ರಾಯಚೂರಿನಲ್ಲಿಯೇ ಸೇರಿತು.

ಕಲಬುರಗಿ ಸಮ್ಮೇಳನದ ಮರುವರ್ಷ, 1929ರಲ್ಲಿ, 'ಅಶ್ವತ್ಥಾಮನ್' ಪ್ರಕಟವಾಯಿತು. ಶ್ರೀಯವರ ಅತಿ ದಿಟ್ಟ ಹೆಜ್ಜೆ ಇದು.

ಮೂಲ ಸಾಫೊಕ್ಲಿಸನ 'ಏಜಾಕ್ಸ್'. ಟ್ರಾಯ್ ಯುದ್ಧದಲ್ಲಿ ಮಡಿದ ಅಕಿಲಿಸನ ಆಯುಧಗಳು ತನಗೆ ಸಲ್ಲಬೇಕೆಂದು ಏಜಾಕ್ಸ್ ನಂಬಿದ್ದ. ಅವು ಒಡಿಸ್ಯೂಸನ ಪಾಲಾದವು. ಅವಮಾನದಿಂದ ಕುದಿದ ವೀರ ರಾತ್ರಿ ಕತ್ತಿ ಹಿಡಿದು ತನ್ನವರನ್ನೇ ಕೊಲ್ಲಲು ಹೊರಟ. ದೇವತೆ ಅಥೀನಾ ಅವನಿಗೆ ಮರುಳು ಕವಿಸಿದಳು. ಶತ್ರುಗಳೆಂದು ಭ್ರಮಿಸಿ ಅವನು ತರಿದದ್ದು ದನಕುರಿಗಳನ್ನು. ಬೆಳಗಾಗಿ ಬುದ್ಧಿ ತಿಳಿಯಾದಾಗ ನಾಚಿಕೆ ತಾಳಲಾರದೆ ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಪ್ರಾಣ ಬಿಟ್ಟ. ನಾಟಕ ಅಲ್ಲಿಗೆ ಮುಗಿಯುವುದಿಲ್ಲ. ಹೆಣಕ್ಕೆ ಸಂಸ್ಕಾರ ಮಾಡಬೇಕೇ, ನಾಯಿ ನರಿಗಳಿಗೆ ಬಿಡಬೇಕೇ ಎಂಬ ಜಗಳ ಉಳಿದರ್ಧವನ್ನು ತುಂಬುತ್ತದೆ. ಕೊನೆಗೆ ಸಂಸ್ಕಾರದ ಪರವಾಗಿ ನಿಲ್ಲುವವನು ಹಗೆಯಾದ ಒಡಿಸ್ಯೂಸನೇ.

ಈ ಕಥೆಗೆ ಭಾರತದಲ್ಲಿ ಸಮನಾದ ವೀರ ಯಾರೆಂದು ಹುಡುಕಿದ ಶ್ರೀಯವರಿಗೆ ದ್ರೋಣನ ಮಗ ಸಿಕ್ಕಿದ. ರಾತ್ರಿಯ ಕೊಲೆ, ಕಡುಕೋಪ, ಬೆಳಗಿನ ನಾಚಿಕೆ ಎಲ್ಲವೂ ಅವನಲ್ಲಿ ಮೊದಲೇ ಇದ್ದವು. ಏಜಾಕ್ಸನ ಮಲಸೋದರನ ಸ್ಥಾನದಲ್ಲಿ ಏಕಲವ್ಯ ಬಂದ. ಮಡದಿಯ ಸ್ಥಾನಕ್ಕೆ ಭಾರ್ಗವಿ ಬಂದಳು. ಶೈಲಿಗೆ ಹಳಗನ್ನಡದ ಬಿಗಿ ಕೊಟ್ಟರು. ಹೆಸರಿನ ಕೊನೆಯ ನಕಾರವೇ ಅದನ್ನು ಸಾರುತ್ತದೆ.

ತೊಡಕು ಒಂದೇ. ಅಶ್ವತ್ಥಾಮ ಚಿರಂಜೀವಿ. ವ್ಯಾಸರ ಕಥೆಯಲ್ಲಿ ಅವನು ಹಣೆಯ ಮಣಿ ಕಳೆದುಕೊಂಡು, ಕೃಷ್ಣನ ಶಾಪ ಹೊತ್ತು, ಸಾವಿಲ್ಲದೆ ಅಲೆಯುತ್ತಾನೆ. ಶ್ರೀಯವರ ಅಶ್ವತ್ಥಾಮ ತನ್ನ ಕೈಯಾರೆ ಸಾಯುತ್ತಾನೆ. ಸಾವಿಲ್ಲದವನನ್ನು ಸಾಯಿಸಲು ಕವಿಗೆ ಅಧಿಕಾರ ಕೊಟ್ಟವರಾರೆಂಬ ಆಕ್ಷೇಪ ಆಗಲೇ ಎದ್ದಿತು, ವಿಮರ್ಶಕರ ವಲಯದಲ್ಲಿ ಬಹುಕಾಲ ಉಳಿಯಿತು. ಈ ಆಕ್ಷೇಪ ಹಗುರವಾದದ್ದಲ್ಲ. ಗ್ರೀಕ್ ಪ್ರೇಕ್ಷಕನಿಗೆ ಏಜಾಕ್ಸನ ಕೊನೆ ಮೊದಲೇ ಗೊತ್ತಿತ್ತು. ಕನ್ನಡದ ಪ್ರೇಕ್ಷಕನಿಗೆ ಅಶ್ವತ್ಥಾಮ ಸಾಯುವುದಿಲ್ಲವೆಂದು ಗೊತ್ತಿತ್ತು. ರಾತ್ರಿಯಿಡೀ ಬಯಲಾಟ ನೋಡಿ ಭಾರತವನ್ನು ಬಾಯಿಪಾಠ ಮಾಡಿಕೊಂಡ ಹಳ್ಳಿಯ ಹಿರಿಯನೊಬ್ಬ ಆ ದೃಶ್ಯದಲ್ಲಿ ಎದ್ದು ನಿಂತು ಪ್ರಶ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಅಪಮಾನ ಹೊತ್ತು ಅಂತ್ಯವಿಲ್ಲದೆ ಬದುಕುವುದಕ್ಕಿಂತ ಸಾವೇ ಮೇಲೆಂದು ಆರಿಸಿಕೊಳ್ಳುವ ಮನುಷ್ಯನನ್ನು ಶ್ರೀಯವರು ಕಾಣಬಯಸಿದ್ದರು. ಶಾಪಗ್ರಸ್ತ ಚಿರಂಜೀವಿ ಅದಕ್ಕೆ ಒದಗುತ್ತಿರಲಿಲ್ಲ.

1935ರಲ್ಲಿ ಬಂದ 'ಪಾರಸಿಕರು' ಕೃತಿಯಲ್ಲಿ ಅವರು ಬೇರೆ ದಾರಿ ಹಿಡಿದರು. ಎಸ್ಕಿಲಸನ ನಾಟಕವನ್ನು ರೂಪಾಂತರಿಸದೆ ಅನುವಾದಿಸಿದರು. ಕ್ರಿ.ಪೂ. 480ರ ಸಲಾಮಿಸ್ ನೌಕಾಯುದ್ಧದಲ್ಲಿ ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದರು. ಎಂಟು ವರ್ಷಗಳ ನಂತರ, ಸ್ವತಃ ಮ್ಯಾರಥಾನಿನಲ್ಲಿ ಕಾದಿದ್ದ ಕವಿ, ಆ ವಿಜಯವನ್ನು ಸೋತವರ ಅರಮನೆಯಲ್ಲಿ ನಿಂತು ನೋಡಿದ. ರಾಜಮಾತೆಯ ಕನಸು, ದೂತ ತರುವ ಸುದ್ದಿ, ಸತ್ತ ದೊರೆ ದರಾಯನ ಪ್ರೇತ, ಹರಿದ ಬಟ್ಟೆಯಲ್ಲಿ ಮರಳುವ ಮಗ ಕ್ಸರ್ಕ್ಸಿಸ್, ಹಿರಿಯರ ಗೋಳು: ನಾಟಕವೆಂದರೆ ಇಷ್ಟೇ. ಗೆದ್ದ ಊರಿನವರು ಕುಳಿತು ಹಗೆಯ ಅಳುವನ್ನು ಕೇಳಿದರು.

ರಾಯಚೂರು ಸೀಮೆಯವರಿಗೆ ಇದು ಅರ್ಥವಾಗದ ಸಂಗತಿಯಲ್ಲ. ಮೊಹರಂ ದಿನಗಳಲ್ಲಿ ಮುದಗಲ್ಲಿನಲ್ಲಿಯೂ ಸುತ್ತಲಿನ ಅನೇಕ ಹಳ್ಳಿಗಳಲ್ಲಿಯೂ ಹಿಂದೂ ಮುಸ್ಲಿಮರು ಕೂಡಿ ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ದೂರದ ನಾಡಿನ ಸಾವಿಗೆ ಗುಂಪಾಗಿ ನಿಂತು ಮರುಗುವ ಹಾಡು ಈ ನೆಲದಲ್ಲಿ ಜೀವಂತವಾಗಿದೆ. ಗ್ರೀಕ್ ಮೇಳಗೀತೆ ನಮ್ಮ ರಂಗಕ್ಕೆ ಒಗ್ಗುವುದಿಲ್ಲವೆನ್ನುವ ನಿರ್ದೇಶಕರು ಒಮ್ಮೆ ಇಲ್ಲಿಗೆ ಬಂದು ಕೇಳಬೇಕು.

ಶ್ರೀಯವರ ದುಡಿಮೆ ಬರವಣಿಗೆಗೆ ಸೀಮಿತವಾಗಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1927ರಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಗುವುದರಲ್ಲಿ ಅವರ ಪಾತ್ರ ದೊಡ್ಡದು. ಅಲ್ಲಿ ಓದಿ ಹೊರಬಂದವರಲ್ಲಿ ಕುವೆಂಪು ಒಬ್ಬರು. ಷೇಕ್ಸ್‌ಪಿಯರನ ದುರಂತವನ್ನು ಬಿದನೂರಿನ ಕಥೆಯಾಗಿಸಿದ ಕುವೆಂಪು ಅವರ 'ರಕ್ತಾಕ್ಷಿ' ಗುರುವಿನ ದಾರಿಯಲ್ಲಿಯೇ ನಡೆದ ನಾಟಕ. 1938ರಿಂದ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಶ್ರೀಯವರು 'ಕನ್ನಡ ನುಡಿ' ಪತ್ರಿಕೆಗೆ ಕಾರಣರಾದರು. ಅದೇ ವರ್ಷ ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ರಾಜಸೇವಾಸಕ್ತ ಬಿರುದನ್ನಿತ್ತರು. ನಿವೃತ್ತಿಯ ನಂತರ ವಿಶ್ರಾಂತಿಗೆ ಕೂರದೆ ಧಾರವಾಡದ ಕಾಲೇಜೊಂದರ ಪ್ರಾಂಶುಪಾಲರಾಗಿ ಹೋದರು. ಯೌವನದಲ್ಲಿ ಕನ್ನಡದ ಪರವಾಗಿ ಮೊದಲು ದನಿಯೆತ್ತಿದ ಆ ಊರಿನಲ್ಲಿಯೇ 1946ರ ಜನವರಿ 5ರಂದು ನಿಧನರಾದರು. 62 ತುಂಬಿ ಎರಡು ದಿನಗಳಾಗಿದ್ದವು.

ಅವರ ಗ್ರೀಕ್ ನಾಟಕಗಳು ರಂಗಕ್ಕಿಂತ ತರಗತಿಯಲ್ಲಿಯೇ ಹೆಚ್ಚು ಬದುಕಿದವು ಎಂಬುದನ್ನು ಒಪ್ಪಬೇಕು. ಹಳಗನ್ನಡದ ಮಾತು ನಟನ ನಾಲಿಗೆಗೆ ಕಠಿಣ, ಪ್ರೇಕ್ಷಕನ ಕಿವಿಗೆ ಇನ್ನೂ ಕಠಿಣ. ಆ ಗೋಡೆ ಒಡೆದವರು ಪಿ. ಲಂಕೇಶ್. ಸಾಫೊಕ್ಲಿಸನ ಈಡಿಪಸ್ ಮತ್ತು ಅಂತಿಗೊನೆ ನಾಟಕಗಳನ್ನು ಅವರು ಆಡುಮಾತಿಗೆ ಹತ್ತಿರವಾದ ಗದ್ಯಕ್ಕೆ ತಂದರು. 1972ರಲ್ಲಿ ಬಿ.ವಿ. ಕಾರಂತರು 'ದೊರೆ ಈಡಿಪಸ್', 'ಸಂಕ್ರಾಂತಿ', 'ಜೋಕುಮಾರಸ್ವಾಮಿ' ನಾಟಕಗಳನ್ನು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಆಡಿಸಿದರು. ಗಿರೀಶ ಕಾರ್ನಾಡ, ಚಂದ್ರಶೇಖರ ಕಂಬಾರರಂಥ ಬರಹಗಾರರೂ ಆ ಉತ್ಸವದಲ್ಲಿ ಬಣ್ಣ ಹಚ್ಚಿದ್ದರು. ಕನ್ನಡ ರಂಗಭೂಮಿಯ ಹೊಸ ಅಲೆಯನ್ನು ಅನೇಕರು ಅಲ್ಲಿಂದಲೇ ಎಣಿಸುತ್ತಾರೆ.

'ಅಶ್ವತ್ಥಾಮನ್' ಮಾತ್ರ ತನ್ನ ದೊಡ್ಡ ಪ್ರಯೋಗಕ್ಕಾಗಿ ಕಾಯುತ್ತಲೇ ಇದೆ. ಹೆಸರಾಂತ ನಟರನ್ನು ಕೂಡಿಸಿ ಗ್ರೀಕ್ ನಾಟಕ ಕಟ್ಟಬಯಸುವ ತಂಡಗಳು ಈಡಿಪಸನ ಕಡೆಗೇ ಹೋಗುತ್ತವೆ. ಕಲಬುರಗಿಗೂ ಈಗ ತನ್ನದೇ ರಂಗಾಯಣವಿದೆ. ದೊಡ್ಡಾಟದ ಹಾಡು, ಕುಣಿತ ಬಲ್ಲ ಕಲಾವಿದರು ದೇವದುರ್ಗ, ಮಾನ್ವಿಗಳ ಊರುಗಳಲ್ಲಿದ್ದಾರೆ. ಭಾರತದ ಕಥೆ ಬಲ್ಲ ಪ್ರೇಕ್ಷಕರಿಗಂತೂ ಕೊರತೆಯಿಲ್ಲ. ಚಿರಂಜೀವಿ ಏಕೆ ಸತ್ತನೆಂದು ಅವರು ಕೇಳಿಯೇ ಕೇಳುತ್ತಾರೆ.