ಸೌಂದರ್ಯ: ಅರ್ಧಕ್ಕೇ ನಿಂತ ಪಯಣ

ಮುಳಬಾಗಿಲು ಮೂಲದ ಸೌಮ್ಯ ವೈದ್ಯೆಯಾಗಬೇಕಿತ್ತು. ಎಂಬಿಬಿಎಸ್ ಓದನ್ನು ಅರ್ಧಕ್ಕೇ ಬಿಟ್ಟು 1992ರಲ್ಲಿ ‘ಗಂಧರ್ವ’ ಚಿತ್ರದಿಂದ ತೆರೆಗೆ ಬಂದರು. ಸೌಂದರ್ಯ ಎಂಬ ಹೆಸರಿನಲ್ಲಿ ಐದು ಭಾಷೆಗಳ ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು.

ಗ್ಲಾಮರ್ ಪಾತ್ರಗಳಿಗಷ್ಟೇ ನಿಲ್ಲದೆ, ಗಿರೀಶ ಕಾಸರವಳ್ಳಿ ನಿರ್ದೇಶನದ ‘ದ್ವೀಪ’ವನ್ನು ತಾವೇ ನಿರ್ಮಿಸಿ ನಾಗಿಯಾಗಿ ನಟಿಸಿದರು. ಅದು ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟನ್ನು ಕಂಡಿರುವ ತರೀಕೆರೆ, ಅಜ್ಜಂಪುರ, ಕಡೂರು ಕಡೆಯ ನಮಗೆ ಮುಳುಗಡೆಯ ಆ ಕಥೆ ದೂರದ್ದಲ್ಲ.

2004ರ ಏಪ್ರಿಲ್ 17. ಚುನಾವಣಾ ಪ್ರಚಾರಕ್ಕೆಂದು ಕರೀಂನಗರಕ್ಕೆ ಹೊರಟ ಅವರ ಪುಟ್ಟ ಸೆಸ್ನಾ ವಿಮಾನ ಜಕ್ಕೂರಿನಿಂದ ಮೇಲೇರಿದ ಕೆಲವೇ ನಿಮಿಷಗಳಲ್ಲಿ ಜಿಕೆವಿಕೆ ಆವರಣದಲ್ಲಿ ಬಿದ್ದು ಹೊತ್ತಿ ಉರಿಯಿತು. ಅಣ್ಣ ಅಮರನಾಥ್ ಸೇರಿ ನಾಲ್ವರೂ ಉಳಿಯಲಿಲ್ಲ.

ಸಣ್ಣ ವಿಮಾನಗಳಿಗೆ ಟೇಕಾಫ್ ಆದ ಮೊದಲ ನಿಮಿಷವೇ ಗಂಡಾಂತರದ್ದು. ಎತ್ತರದಲ್ಲಿ ಎಂಜಿನ್ ಕೆಟ್ಟರೆ ಬಯಲು ಹುಡುಕಲು ಸಮಯವಿರುತ್ತದೆ. ನೂರಿನ್ನೂರು ಅಡಿಯಲ್ಲಿ ಸಿಗುವುದು ಕೆಲವೇ ಸೆಕೆಂಡು. ವೇಗ ಸಾಲದೆ ತಿರುಗಿದರೆ ರೆಕ್ಕೆಗಳು ವಿಮಾನವನ್ನು ಎತ್ತಿ ಹಿಡಿಯಲಾರವು. ಹೆಚ್ಚಿನ ಭಾರ, ಬೇಸಿಗೆಯ ತೆಳು ಗಾಳಿಯೂ ಅಪಾಯ ಹೆಚ್ಚಿಸುತ್ತವೆ. ಸುತ್ತ ಮನೆಗಳಿದ್ದರೆ ಇಳಿಯಲು ಜಾಗವೂ ಇಲ್ಲ, ಕೆಳಗಿರುವವರಿಗೂ ರಕ್ಷಣೆಯಿಲ್ಲ.

ಅವರ ‘ಆಪ್ತಮಿತ್ರ’ ತೆರೆಕಂಡಾಗ ಅವರೇ ಇರಲಿಲ್ಲ. ಪೈಲಟ್, ಎಂಜಿನಿಯರ್ ಆಗಬಯಸುವ ಗೆಳೆಯರೇ, ಹಾರುವ ಮುನ್ನಿನ ತಪಾಸಣೆ ಬರೀ ಕಾಗದದ ಕೆಲಸವಲ್ಲ. ಅದರ ಹಿಂದೆ ಇಂಥ ಬದುಕುಗಳಿವೆ.